ಬಿಚ್ಚಿಕೊಳ್ಳುವ ಅಂಚು

ಫ್ಲೀಸ್ ಹೊದಿಕೆಗೆ ಅಂಚು ಕಟ್ಟಬೇಕಾದ ಅಗತ್ಯವೇ ಇಲ್ಲ. ಕತ್ತರಿ ಹಿಡಿದು ಎಲ್ಲಿ ಬೇಕಾದರೂ ಕತ್ತರಿಸಿ ಹಾಗೆಯೇ ಬಿಟ್ಟರೂ ಅದು ಎಳೆ ಬಿಡುವುದಿಲ್ಲ. ಮಡಚಿ ಹೊಲಿಯದಿದ್ದರೂ ವರ್ಷಗಟ್ಟಲೆ ಹಾಗೇ ಇರುತ್ತದೆ. ಹಾಗಿದ್ದೂ ಕ್ರೋಶಾ ಬಲ್ಲ ಹೆಂಗಸರು ಅಂಗಡಿಯಿಂದ ತಂದ ಹೊದಿಕೆಯ ನಾಲ್ಕೂ ಬದಿಗೆ ಉಲ್ಲನ್ ನೂಲಿನ ಅಂಚು ಹೆಣೆಯುತ್ತಾರೆ. ಬೇಡದ ಜಾಗದಲ್ಲಿ ಇಷ್ಟೊಂದು ಕೆಲಸ ಯಾಕೆ ಎಂದು ಕೇಳುವವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ‘ಚಂದಕ್ಕೆ’ ಎಂಬುದು. ಆ ಉತ್ತರ ಸಾಲದು. ತರೀಕೆರೆ, ಕಡೂರು, ಅಜ್ಜಂಪುರದ ಮನೆಗಳಲ್ಲಿ ಕಳೆದ ಕೆಲವು ದಶಕಗಳಲ್ಲಿ ಜನ ಏನೇನು ಹೊದ್ದು ಮಲಗಿದರು ಎಂಬುದನ್ನು ನೆನಪಿನಲ್ಲಿ ಸಾಲಾಗಿ ಜೋಡಿಸಿ ನೋಡಿದಾಗ, ಈ ಕ್ರೋಶಾ ಅಂಚು ಆ ಸಾಲಿಗೆ ಸೇರಿದ್ದೇ ಎಂದು ನನಗೆ ಅನ್ನಿಸುತ್ತದೆ. ನನ್ನ ವಾದ ಇಷ್ಟು: ಹೊದಿಕೆಯೊಂದು ಮನೆಯಲ್ಲಿ ಬಹುಕಾಲ ಉಳಿಯಬೇಕಾದರೆ ಬಟ್ಟೆ ಗಟ್ಟಿಯಾಗಿದ್ದರಷ್ಟೇ ಸಾಲದು, ಆಗಾಗ ಅದು ಯಾರದಾದರೂ ಕೈಯನ್ನು ಬೇಡಬೇಕು. ಹಾಗೆ ಬೇಡುವ ಜಾಗ ಮೊದಲಿನಿಂದಲೂ ಅಂಚು. ಫ್ಲೀಸ್‌ಗೆ ಅಂಥದೊಂದು ಅಂಚಿಲ್ಲ. ಕ್ರೋಶಾ ಅದನ್ನು ಒದಗಿಸುತ್ತದೆ.

ಮೊದಲು ಕಂಬಳಿಯನ್ನೇ ನೋಡೋಣ. ತರೀಕೆರೆಯಿಂದ ಪಡುವಣಕ್ಕೆ ಲಕ್ಕವಳ್ಳಿ, ಕೆಮ್ಮಣ್ಣುಗುಂಡಿಯ ಕಡೆ ಹೋದರೆ ಕಾಡು, ಮಳೆ. ಮೂಡಣಕ್ಕೆ ಅಜ್ಜಂಪುರ, ಶಿವನಿಯ ಕಡೆ ಹೋದರೆ ಅಮೃತಮಹಲ್ ಕಾವಲುಗಳ ಬಯಲು, ಕುರಿಮಂದೆ. ಕಂಬಳಿ ಎರಡೂ ಕಡೆಗೆ ಬೇಕಾಗಿತ್ತು. ಮಲೆನಾಡಿನ ಬದಿಯಲ್ಲಿ ಅದು ತಲೆಯ ಮೇಲಿಂದ ಬೆನ್ನಿಗೆ ಇಳಿಬಿದ್ದ ಕಂಬಳಿಕೊಪ್ಪೆಯಾಗಿ ನಾಟಿಯ ಹೊತ್ತಿನ ಮಳೆಯನ್ನು ತಡೆಯುತ್ತಿತ್ತು. ಬಯಲಿನ ಬದಿಯಲ್ಲಿ ಕುರಿ ಕಾಯುವವನ ಹೆಗಲ ಮೇಲಿದ್ದು, ರಾತ್ರಿಯಾದರೆ ಅದೇ ಹಾಸು, ಅದೇ ಹೊದಿಕೆ. ದಖ್ಖನಿ ಕುರಿಯ ಒರಟು ಉಣ್ಣೆಯನ್ನು ಹೆಂಗಸರು ನೂಲುತ್ತಿದ್ದರು, ಗಂಡಸರು ಗುಂಡಿಮಗ್ಗದಲ್ಲಿ ನೇಯುತ್ತಿದ್ದರು, ಹಾಸಿನ ಎಳೆಗೆ ಹುಣಸೆಬೀಜದ ಗಂಜಿ ಹಾಕಿ ಬಿಗಿ ತರುತ್ತಿದ್ದರು. ಬಣ್ಣ ಹಾಕುವ ಮಾತೇ ಇರಲಿಲ್ಲ, ಕುರಿಯ ಕಪ್ಪೇ ಕಂಬಳಿಯ ಕಪ್ಪು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಈ ಕಂಬಳಿಯ ವ್ಯಾಪಾರಕ್ಕೆ ಇಂದಿಗೂ ಹೆಸರಾದ ಊರು. ಮಗ್ಗದಿಂದ ಇಳಿಸಿದ ಯಾವ ಬಟ್ಟೆಗೂ ಇರುವ ತೊಂದರೆ ಕಂಬಳಿಗೂ ಇತ್ತು: ಎರಡೂ ತುದಿಗಳಲ್ಲಿ ಹಾಸಿನ ಎಳೆಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ, ಅವನ್ನು ಹೊಸೆದು ಗಂಟು ಹಾಕದಿದ್ದರೆ ಹೊಕ್ಕಿನ ನೂಲು ಒಂದೊಂದಾಗಿ ಜಾರಿ ಹೊರಬರುತ್ತದೆ. ಹಾಕಿದ ಗಂಟು ಸವೆಯುತ್ತದೆ, ಬದಿಗಳು ಮುಳ್ಳುಬೇಲಿಗೆ ಸಿಕ್ಕಿ ಹರಿಯುತ್ತವೆ. ಆಗ ದಬ್ಬಳಕ್ಕೆ ನೂಲು ಪೋಣಿಸಿ ಅಂಚನ್ನು ಸುತ್ತಿ ಹೊಲಿಯಬೇಕು. ಕಂಬಳಿ ತಲೆಮಾರು ದಾಟಿದ್ದಕ್ಕೆ ಅದರ ಉಣ್ಣೆಯ ಗಟ್ಟಿತನ ಅರ್ಧ ಕಾರಣವಾದರೆ, ಉಳಿದರ್ಧ ಈ ಹೊಲಿಗೆ. ಮಳೆಗಾಲಕ್ಕೆ ಮುಂಚೆ ಕಂಬಳಿಯನ್ನು ಬಿಡಿಸಿ, ಬಿಸಿಲಿಗೆ ಹಾಕಿ, ಅಂಚು ತಡವಿ ನೋಡುವವರಿದ್ದ ಮನೆಯಲ್ಲಿ ಕಂಬಳಿ ಉಳಿಯಿತು. ನೋಡುವವರಿಲ್ಲದ ಮನೆಯಲ್ಲಿ ಅದೇ ಮಗ್ಗದ ಕಂಬಳಿ ಗೋಣಿಯ ಗತಿ ಕಂಡಿತು.

ಕೌದಿಯ ಸಾಕ್ಷ್ಯ ಇನ್ನೂ ಗಟ್ಟಿ. ಹಳೆಯ ಸೀರೆ, ಪಂಚೆ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಹೊಲಿದು ಮಾಡುವ ಈ ಹೊದಿಕೆ ನಾಡಿನ ಉದ್ದಗಲಕ್ಕೂ ಇದೆ. ಅದರಲ್ಲಿ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರ ಕವಂದಿಯನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ವಿವರವಾಗಿ ದಾಖಲಿಸಿದ್ದಾರೆ. ಕವಂದಿಯ ಹೊಲಿಗೆ ನಡುವಿನಿಂದ ಶುರುವಾಗುವುದಿಲ್ಲ. ಒಂದು ಮೂಲೆಯಲ್ಲಿ ಅಂಚು ಮಡಚಿ ಶುರುಮಾಡಿ, ಸುತ್ತಲೂ ಹೊಲಿಯುತ್ತಾ ಸುತ್ತು ಸುತ್ತಾಗಿ ಒಳಕ್ಕೆ ಬರುತ್ತಾರೆ; ನಡು ತುಂಬುವುದು ಕೊನೆಗೆ. ಎಲ್ಲ ಮುಗಿದ ಮೇಲೆ ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿದ ‘ಫೂಲ’ ಸೇರಿಸುತ್ತಾರೆ. ಫೂಲವಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಮೂಲೆಯ ಆ ತುಂಡು ಇಲ್ಲದಿದ್ದರೂ ಚಳಿ ಅಷ್ಟೇ ತಡೆಯುತ್ತದೆ. ಆದರೂ ಅದಿಲ್ಲದೆ ಹೊದಿಕೆ ಪೂರ್ತಿಯಾಗುವುದಿಲ್ಲ ಎಂಬುದು ಮಾಡುವವರ ತೀರ್ಪು. ತರೀಕೆರೆ, ಕಡೂರು ಸೀಮೆಯ ತಾಂಡಾಗಳಲ್ಲೂ ಇದೇ ತೀರ್ಪು ಬೇರೆ ರೂಪದಲ್ಲಿ ಕಂಡಿದೆ. ಲಂಬಾಣಿ ಹೆಂಗಸರ ಫೇಟಿಯಾ, ಕಾಂಚಳಿಗಳಲ್ಲಿ ಕನ್ನಡಿ, ಕವಡೆ, ದಟ್ಟ ಹೊಲಿಗೆಯ ಪಟ್ಟಿಗಳು ಅಂಚಿಗೆ ಬಂದು ಸೇರುತ್ತವೆ. ನೆಲಕ್ಕೆ, ಮೈಗೆ ಉಜ್ಜಿ ಸವೆಯುವ ಜಾಗವೂ ಅದೇ. ಅಲಂಕಾರವನ್ನು ಸವೆಯದ ಕಡೆ ಇಟ್ಟಿದ್ದರೆ ಅದು ಹೆಚ್ಚು ದಿನ ಹೊಳೆಯುತ್ತಿತ್ತು. ಸವೆಯುವ ಕಡೆ ಇಟ್ಟರೆ ಬಟ್ಟೆ ಹೆಚ್ಚು ದಿನ ಬಾಳುತ್ತದೆ. ಈ ಆಯ್ಕೆಯ ಹಿಂದೆ ಲೆಕ್ಕಾಚಾರವಿದೆ.

ಈಗ ಫ್ಲೀಸ್. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಲಾರೆನ್ಸ್ ಪಟ್ಟಣದ ಮಾಲ್ಡನ್ ಮಿಲ್ಸ್ ಈ ಬಟ್ಟೆಯನ್ನು ರೂಪಿಸಿತು. ಪಾಲಿಯೆಸ್ಟರ್ ಎಳೆಯನ್ನು ಯಂತ್ರದಲ್ಲಿ ಹೆಣೆದು, ತಂತಿ ಹಲ್ಲಿನ ಉರುಳೆಗಳಿಂದ ಮೇಲ್ಮೈಯನ್ನು ಕೆರೆದು ಜುಂಜು ಎಬ್ಬಿಸಿ, ಆಮೇಲೆ ಆ ಜುಂಜನ್ನು ಸಮವಾಗಿ ಕತ್ತರಿಸುತ್ತಾರೆ. ಜುಂಜಿನ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ, ಅದರಿಂದ ಬೆಚ್ಚಗಿರುತ್ತದೆ; ಪಾಲಿಯೆಸ್ಟರ್ ನೀರು ಹೀರುವುದಿಲ್ಲ, ಅದರಿಂದ ಬೇಗ ಒಣಗುತ್ತದೆ. 1993ರಿಂದ ಬಳಸಿ ಬಿಸಾಡಿದ ನೀರಿನ ಬಾಟಲಿಗಳ ಪ್ಲಾಸ್ಟಿಕ್ಕಿನಿಂದಲೂ ಇದನ್ನು ಮಾಡತೊಡಗಿದರು. ಹಾಸು ಹೊಕ್ಕಾಗಿ ನೇಯದೆ ಕುಣಿಕೆ ಕುಣಿಕೆಯಾಗಿ ಹೆಣೆದದ್ದರಿಂದ, ಮೇಲಾಗಿ ಎದ್ದ ಜುಂಜು ಒಂದರೊಳಗೊಂದು ತೊಡರಿಕೊಂಡದ್ದರಿಂದ, ಕತ್ತರಿಸಿದ ಬದಿಯಲ್ಲಿ ಎಳೆ ಬಿಚ್ಚುವುದಿಲ್ಲ. ಕಾರ್ಖಾನೆಗೆ ಇದು ದೊಡ್ಡ ಲಾಭ: ಅಂಚು ಹೊಲಿಯುವ ಕೆಲಸವೇ ಉಳಿಯಿತು. ಮನೆಗೆ ಇದು ಲಾಭವಾಯಿತೇ? ಇದು ಬೇರೆ ಪ್ರಶ್ನೆ. ಕಂಬಳಿಯ ಕಾಲದಿಂದ ಸೊಲ್ಲಾಪುರದ ಚಾದರಕ್ಕೆ, ಅಲ್ಲಿಂದ ಪಾಣಿಪತ್ತಿನ ದಪ್ಪ ರಗ್ಗಿಗೆ, ಅಲ್ಲಿಂದ ಫ್ಲೀಸ್‌ಗೆ ಬರುವಷ್ಟರಲ್ಲಿ ಹೊದಿಕೆ ಅಗ್ಗವಾಯಿತು, ಹಗುರವಾಯಿತು, ಮತ್ತು ಕೈಯಿಂದ ದೂರವಾಯಿತು. ಫ್ಲೀಸ್ ಎಳೆ ಬಿಡುವುದಿಲ್ಲವಾದ್ದರಿಂದ ಅದಕ್ಕೆ ಸೂಜಿ ಹಿಡಿಯುವ ಸಂದರ್ಭ ಬರುವುದೇ ಅಪರೂಪ. ಅದು ಕೆಡುವ ಬಗೆಯೂ ಬೇರೆ: ಒಗೆದಂತೆ ಜುಂಜು ಸಣ್ಣ ಸಣ್ಣ ಉಂಡೆಯಾಗಿ ಗಂಟುಕಟ್ಟುತ್ತದೆ, ಮೊದಲಿನ ನಯ ಹೋಗುತ್ತದೆ. ಆ ಕೇಡಿಗೆ ಮನೆಯಲ್ಲಿ ಮದ್ದಿಲ್ಲ. ಹೊಲಿದು ಸರಿಮಾಡುವಂಥದೇನೂ ಇಲ್ಲವಾದ್ದರಿಂದ ಹೊದಿಕೆ ಹರಿಯದೆಯೂ ಹಳತಾಗುತ್ತದೆ. ಎರಡು ಮೂರು ಚಳಿಗಾಲಗಳಲ್ಲಿ ಬೈಕು ಒರೆಸಲಿಕ್ಕೋ ನಾಯಿ ಮಲಗಲಿಕ್ಕೋ ಹೋಗುತ್ತದೆ. ದುರಸ್ತಿ ಬೇಡದ ವಸ್ತುವನ್ನು ಬಿಸಾಡಲು ಮನಸ್ಸು ಬೇಗ ಒಪ್ಪುತ್ತದೆ, ಯಾಕೆಂದರೆ ಅದರಲ್ಲಿ ಮನೆಯವರ ಪಾಲು ಏನೂ ಇರುವುದಿಲ್ಲ.

ಕ್ರೋಶಾ ಅಂಚು ಈ ಕೊರತೆಯನ್ನು ಹೇಗೆ ತುಂಬುತ್ತದೆ ಎಂಬುದು ಅದನ್ನು ಹಾಕುವ ಕ್ರಮದಲ್ಲೇ ಇದೆ. ಫ್ಲೀಸಿನ ಬದಿಗೆ ನೇರವಾಗಿ ಕ್ರೋಶಾ ಕಡ್ಡಿ ಚುಚ್ಚುವುದು ಕಷ್ಟ. ಮೊಂಡು ಕಡ್ಡಿ ಬಟ್ಟೆಯನ್ನು ಎಳೆದಾಡುತ್ತದೆ. ಅದಕ್ಕೇ ಮೊದಲು ದೊಡ್ಡ ಕಣ್ಣಿನ ಸೂಜಿಯಲ್ಲಿ ಅರ್ಧ ಇಂಚಿಗೊಂದರಂತೆ ಕಾಜಾ ಹೊಲಿಗೆ ಹಾಕಿ, ಬದಿಯ ಮೇಲೆ ನೂಲಿನ ಒಂದು ಸಾಲು ಕೂರಿಸಿಕೊಳ್ಳುತ್ತಾರೆ. ಕ್ರೋಶಾ ಹೆಣೆಯುವುದು ಆ ಸಾಲಿನ ಮೇಲೆ. ಐದು ಅಡಿ ಉದ್ದ, ನಾಲ್ಕು ಅಡಿ ಅಗಲದ ಹೊದಿಕೆಯ ಸುತ್ತಳತೆ 18 ಅಡಿ, ಅಂದರೆ 216 ಇಂಚು. ಕಾಜಾ ಹೊಲಿಗೆಗಳೇ 432. ಒಂದೊಂದು ಸಂದಿನಲ್ಲಿ ಎರಡೆರಡು ಸಿಂಗಲ್ ಕ್ರೋಶಾ ಹಾಕಿದರೆ ಮೊದಲ ಸುತ್ತಿಗೆ 864. ಅದರ ಮೇಲೆ ಆರು ಹೊಲಿಗೆಗೆ ಒಂದರಂತೆ ಚಿಪ್ಪಿನ ವಿನ್ಯಾಸ ಹಾಕಿದರೆ 144 ಚಿಪ್ಪು, ಒಂದೊಂದರಲ್ಲಿ ಐದು ಡಬಲ್ ಕ್ರೋಶಾ. ಮೂಲೆಗೆ ಬಂದಾಗ ಒಂದೇ ಜಾಗದಲ್ಲಿ ಮೂರು ಹೊಲಿಗೆ ಹಾಕದಿದ್ದರೆ ಮೂಲೆ ಒಳಕ್ಕೆ ಮುದುಡುತ್ತದೆ. ಬದಿಯಲ್ಲಿ ಹೊಲಿಗೆ ಹೆಚ್ಚಾದರೆ ಅಂಚು ಅಲೆಯಲೆಯಾಗಿ ಏಳುತ್ತದೆ, ಕಡಿಮೆಯಾದರೆ ಬಟ್ಟೆ ಸುಕ್ಕುಗಟ್ಟುತ್ತದೆ. ಫ್ಲೀಸ್ ಒಂದು ದಿಕ್ಕಿಗೆ ಹೆಚ್ಚು ಹಿಗ್ಗುವುದರಿಂದ ಉದ್ದಕ್ಕೂ ಅಗಲಕ್ಕೂ ಒಂದೇ ಬಿಗಿ ಒಪ್ಪುವುದಿಲ್ಲ. ಇಷ್ಟೆಲ್ಲ ನೋಡಿಕೊಂಡು ಹೆಣೆದ ಅಂಚಿಗೆ ಫ್ಲೀಸಿಗಿಲ್ಲದ ಒಂದು ಗುಣ ಇರುತ್ತದೆ: ಅದು ಬಿಚ್ಚುತ್ತದೆ. ಕ್ರೋಶಾದಲ್ಲಿ ಕಡ್ಡಿಯ ಮೇಲೆ ಉಳಿಯುವುದು ಸಾಮಾನ್ಯವಾಗಿ ಒಂದೇ ಕುಣಿಕೆ. ಕೊನೆಯ ಗಂಟು ಬಿಚ್ಚಿ ಎಳೆದರೆ ಇಡೀ ಸುತ್ತು ನೂಲಾಗಿ ಕೈಗೆ ಬರುತ್ತದೆ. ತಪ್ಪಿದ ಕಡೆವರೆಗೆ ಬಿಚ್ಚಿ ಅದೇ ನೂಲಿನಿಂದ ಮತ್ತೆ ಹೆಣೆಯಬಹುದು, ಸವೆದ ಸುತ್ತನ್ನು ತೆಗೆದು ಬೇರೆ ಬಣ್ಣ ಹಾಕಬಹುದು, ಮಗು ಬೆಳೆದಂತೆ ಇನ್ನೆರಡು ಸುತ್ತು ಸೇರಿಸಿ ಹೊದಿಕೆಯನ್ನೇ ದೊಡ್ಡದು ಮಾಡಬಹುದು. ಬಿಚ್ಚಬಹುದಾದದ್ದನ್ನಷ್ಟೇ ಸರಿಪಡಿಸಬಹುದು. ಸರಿಪಡಿಸಲು ಬಾರದ ಬಟ್ಟೆಗೆ ಸರಿಪಡಿಸಬಹುದಾದ ಅಂಚು ಸೇರಿದ ಮೇಲೆ ಹೊದಿಕೆಯನ್ನು ಮತ್ತೆ ಮತ್ತೆ ಕೈಗೆತ್ತಿಕೊಳ್ಳಲು ಕಾರಣ ಹುಟ್ಟುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ತೂಕದ್ದು. ಸಾವಿರಾರು ಹೊಲಿಗೆಯ ಈ ದುಡಿಮೆ ಯಾರದು? ಬಹುತೇಕ ಹೆಂಗಸರದು, ಅದೂ ಸಂಬಳವಿಲ್ಲದ್ದು. ‘ಬಿಡುವಿನ ಕೆಲಸ’ ಎಂಬ ಹೆಸರಿನಲ್ಲಿ ದುಡಿಮೆಯನ್ನು ಮರೆಮಾಡಿದ ಚರಿತ್ರೆ ಕ್ರೋಶಾಕ್ಕೆ ಇದ್ದೇ ಇದೆ. ಆಂಧ್ರದ ಗೋದಾವರಿ ಸೀಮೆಯ ನರಸಾಪುರಕ್ಕೆ 19ನೇ ಶತಮಾನದಲ್ಲಿ ಮಿಷನರಿಗಳು ತಂದ ಈ ಕಸುಬು ರಫ್ತಿನ ದೊಡ್ಡ ವ್ಯಾಪಾರವಾಗಿ ಬೆಳೆಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಆ ಊರನ್ನು ಅಧ್ಯಯನ ಮಾಡಿ 1982ರಲ್ಲಿ ಪ್ರಕಟಿಸಿದ ಪುಸ್ತಕ ತೋರಿಸಿದ್ದು ಇದನ್ನೇ: ಮನೆಯೊಳಗೆ ಕೂತು ದಿನವಿಡೀ ಹೆಣೆಯುವವರನ್ನು ‘ಸುಮ್ಮನೆ ಕೂತ ಗೃಹಿಣಿಯರು’ ಎಂದು ಎಣಿಸಿದ್ದರಿಂದಲೇ ಅವರಿಗೆ ಅತಿ ಕಡಿಮೆ ಕೂಲಿ ಕೊಟ್ಟು ವ್ಯಾಪಾರಿಗಳು ಹಣ ಮಾಡಲು ಸಾಧ್ಯವಾಯಿತು. ನಿಜವಾದ ಕ್ರೋಶಾ ಹೊಲಿಗೆಯನ್ನು ಹಾಕುವ ಯಂತ್ರ ಇಂದಿಗೂ ಮಾರುಕಟ್ಟೆಯಲ್ಲಿಲ್ಲ. ಆದ್ದರಿಂದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕ್ರೋಶಾದ ಹಿಂದೆಯೂ ಒಬ್ಬರ ಕೈ ಇದ್ದೇ ಇರುತ್ತದೆ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ಅದರಿಂದ ಅಂಚು ಹಾಕಬಾರದು ಎಂಬ ತೀರ್ಮಾನ ಹೊರಡುವುದಿಲ್ಲ. ಹೊರಡುವ ತೀರ್ಮಾನ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದು. ನಮ್ಮಲ್ಲೇ ಇದಕ್ಕೆ ಉದಾಹರಣೆಯಿದೆ. ರೇಷ್ಮೆ ಸೀರೆಯ ಸೆರಗಿನ ತುದಿಯ ಎಳೆಗಳನ್ನು ಮನೆಯವರೇ ಗಂಟು ಹಾಕಿಕೊಳ್ಳುತ್ತಿದ್ದ ಕಾಲ ಹೋಗಿ, ಈಗ ಬೇಬಿ ಕುಚ್ಚು, ಕ್ರೋಶಾ ಕುಚ್ಚು, ಮಣಿ ಕುಚ್ಚು ಎಂದು ಬಗೆಗೊಂದು ದರ ನಿಗದಿಯಾಗಿದೆ. ಊರೂರಿನ ಟೈಲರ್ ಅಂಗಡಿಗಳ ಮೂಲಕ, ಸ್ತ್ರೀಶಕ್ತಿ ಸಂಘಗಳ ಮೂಲಕ ಹೆಂಗಸರು ಕುಚ್ಚು ಕಟ್ಟಿ ಸಂಪಾದಿಸುತ್ತಾರೆ. ದರ ನ್ಯಾಯವಾದದ್ದೇ ಎಂಬ ಚರ್ಚೆ ಇರಲಿ. ಅಂಚಿನ ಕೆಲಸಕ್ಕೆ ಬೆಲೆಯುಂಟು ಎಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಮನೆಯ ಹೊದಿಕೆಗೂ ಇದೇ ನ್ಯಾಯ ಸಲ್ಲಬೇಕು. ಹೆಣೆದವರಿಗೆ ಕೂಲಿ ಕೊಡಲಾಗದ ಕಡೆ ಕನಿಷ್ಠ ಆ ಹೊತ್ತಿನಲ್ಲಿ ಮನೆಯ ಬೇರೆ ಕೆಲಸವನ್ನು ಬೇರೆಯವರು ಮಾಡಬೇಕು. ಕಂಬಳಿಯ ಮಗ್ಗದಲ್ಲಿ ಕೂತವರು ಗಂಡಸರು ಎಂಬುದನ್ನು ನೆನೆದರೆ, ಕ್ರೋಶಾ ಕಡ್ಡಿ ಹೆಂಗಸರ ಕೈಯಲ್ಲೇ ಇರಬೇಕೆಂಬ ನಿಯಮವೂ ಏನಿಲ್ಲ.

ಎರಡನೆಯ ಆಕ್ಷೇಪ ಪರಿಸರದ ಕಡೆಯಿಂದ ಬರುತ್ತದೆ: ಫ್ಲೀಸ್ ಎಂದರೆ ಪ್ಲಾಸ್ಟಿಕ್, ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವ ನೂಲೂ ಬಹುಪಾಲು ಅಕ್ರಿಲಿಕ್, ಅಂದರೆ ಅದೂ ಪ್ಲಾಸ್ಟಿಕ್ಕೇ, ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ಕಿನ ಅಂಚು ಕಟ್ಟಿ ಪರಂಪರೆಯ ಮಾತಾಡುವುದೇನು, ಕಂಬಳಿಗೇ ಮರಳಬಾರದೇ? ಮೊದಲ ಭಾಗ ನಿಜ. ಪಾಲಿಯೆಸ್ಟರಿನ ಒಂದೇ ಉಡುಪು ಒಂದು ಒಗೆತಕ್ಕೆ 1,900ಕ್ಕೂ ಹೆಚ್ಚು ಎಳೆಚೂರುಗಳನ್ನು ಉದುರಿಸಬಲ್ಲದು ಎಂದು ಮಾರ್ಕ್ ಬ್ರೌನ್ ಮತ್ತು ಸಂಗಡಿಗರು 2011ರಲ್ಲಿ ವರದಿ ಮಾಡಿದರು. ಅವರು ಹೋಲಿಸಿ ನೋಡಿದ ಬಟ್ಟೆಗಳಲ್ಲಿ ಹೆಚ್ಚು ಉದುರಿಸಿದ್ದು ಫ್ಲೀಸ್. ಕ್ರೋಶಾ ಅಂಚು ಇದನ್ನು ತಡೆಯುವುದಿಲ್ಲ. ಆದರೆ ಹೊಸ ಬಟ್ಟೆ ಮೊದಲ ಕೆಲವು ಒಗೆತಗಳಲ್ಲೇ ಹೆಚ್ಚು ಎಳೆ ಉದುರಿಸುತ್ತದೆ ಎಂದು ಆಮೇಲಿನ ಹಲವು ಅಧ್ಯಯನಗಳು ಕಂಡುಕೊಂಡಿವೆ. ಹಾಗಾದರೆ ಎರಡು ವರ್ಷಕ್ಕೊಂದು ಹೊಸ ಫ್ಲೀಸ್ ಕೊಳ್ಳುವ ಮನೆಗಿಂತ, ಒಂದನ್ನೇ ಹತ್ತು ವರ್ಷ ಇಟ್ಟುಕೊಳ್ಳುವ ಮನೆ ಹಳ್ಳಕ್ಕೆ, ಕೆರೆಗೆ ಕಡಿಮೆ ಪ್ಲಾಸ್ಟಿಕ್ ಬಿಡುತ್ತದೆ. ಇಟ್ಟುಕೊಳ್ಳುವಂತೆ ಮಾಡುವ ಯಾವುದಾದರೂ ಪರಿಸರದ ಪರವೇ. ಇನ್ನು ಕಂಬಳಿಗೆ ಮರಳುವ ಮಾತು. ಕೊಳ್ಳಬಲ್ಲವರು ಕೊಳ್ಳಲಿ, ಕುರುಬ ನೇಕಾರರ ಮಗ್ಗ ನಿಲ್ಲದಿರಲು ಅದು ಬೇಕು. ಆದರೆ ದಖ್ಖನಿ ಉಣ್ಣೆಗೆ ಬೆಲೆ ಕುಸಿದು, ಮಾಂಸಕ್ಕಾಗಿ ಉಣ್ಣೆಯಿಲ್ಲದ ತಳಿಗಳನ್ನು ಸಾಕುವುದು ಹೆಚ್ಚಿ, ಕಂಬಳಿಯ ಕಚ್ಚಾ ಮಾಲೇ ಕಡಿಮೆಯಾಗಿದೆ. ಹಸುಗೂಸಿನ ಮೈಗೆ ಆ ಒರಟು ಉಣ್ಣೆ ಚುಚ್ಚುತ್ತದೆ, ಮೂರು ದಿನಕ್ಕೊಮ್ಮೆ ಒಗೆಯಲಾಗುವುದಿಲ್ಲ. ಮನೆಯಲ್ಲಿ ಈಗಾಗಲೇ ಇರುವ ಫ್ಲೀಸನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ‘ಅದು ಇರಬಾರದಿತ್ತು’ ಎಂಬುದು ಉತ್ತರವಲ್ಲ.

ಮೂರನೆಯ ಆಕ್ಷೇಪ ಮನೆಯೊಳಗಿನದು, ನನಗೆ ಹೆಚ್ಚು ಇರಿಸುಮುರಿಸು ಮಾಡುವುದೂ ಅದೇ: ಇದೆಲ್ಲ ಬರೀ ತೋರಿಕೆ. ರೇಡಿಯೊ ಮೇಲೆ, ಆಮೇಲೆ ಟಿ.ವಿ. ಮೇಲೆ ಹರಡಿದ ಬಿಳಿ ದಾರದ ಕ್ರೋಶಾ ಹೊದಿಕೆ, ಟೀಪಾಯಿ ಮೇಲಿನ ದುಂಡನೆಯ ಹಾಸು, ಬಾಗಿಲಿಗೆ ಇಳಿಬಿಟ್ಟ ಉಲ್ಲನ್ ತೋರಣ, ಇವು ಒಂದು ಕಾಲದ ನಡುಮನೆಯ ಗುರುತುಗಳು. ಬಂದವರು ನೋಡಲಿ ಎಂದೇ ಇಟ್ಟವು. ಟಿ.ವಿ. ಚಪ್ಪಟೆಯಾದ ದಿನ ಹೊದಿಕೆ ಹರಡಲು ಜಾಗವಿಲ್ಲದೆ ಅವು ಟ್ರಂಕು ಸೇರಿದವು. ಅವನ್ನು ಉಳಿಸಲು ಯಾವ ಅಂಚೂ ನೆರವಾಗಲಿಲ್ಲ. ಇಲ್ಲಿ ಒಂದು ಭೇದ ಮಾಡಲೇಬೇಕು. ಆ ಕ್ರೋಶಾಗಳಿಗೆ ಕೆಲಸವಿರಲಿಲ್ಲ. ಹೊದಿಕೆಯ ಅಂಚಿಗೆ ದಿನವೂ ಕೆಲಸವಿದೆ. ಹೊದ್ದವರು ಎಳೆದುಕೊಳ್ಳುವಾಗ ಕೈ ಬೀಳುವುದು ಅಂಚಿನ ಮೇಲೆ, ಒಗೆದು ಹಿಂಡುವಾಗ ಹಿಡಿಯುವುದು ಅಂಚನ್ನು, ತಂತಿಗೆ ಹಾಕಿದಾಗ ಕ್ಲಿಪ್ಪು ಕಚ್ಚುವುದು ಅಂಚನ್ನೇ. ಹಾಗೆಂದು ಚಂದವನ್ನು ಪೂರ್ತಿ ಬಿಟ್ಟುಕೊಡಲೂ ನಾನು ತಯಾರಿಲ್ಲ. ತರೀಕೆರೆಯ ಹತ್ತಿರದ ಅಮೃತಾಪುರದಲ್ಲಿ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ ದೇವಾಲಯವಿದೆ. ಅದರ ಗೋಡೆಯ ಮೇಲಿನ ರಾಮಾಯಣ, ಭಾಗವತ, ಮಹಾಭಾರತದ ಶಿಲ್ಪಗಳನ್ನು ನೋಡಲು ಜನ ಬರುತ್ತಾರೆ. ಅದರ ಹೊರ ಆವರಣದ ಹಳೆಯ ಗೋಡೆಯಲ್ಲೂ ಸಮ ಅಂತರದಲ್ಲಿ ದುಂಡನೆಯ ಕೆತ್ತನೆಗಳಿವೆ. ಆವರಣದ ಗೋಡೆಯ ಕೆಲಸ ತಡೆಯುವುದು, ಬರಿಗಲ್ಲೂ ತಡೆಯುತ್ತಿತ್ತು. ದೇವರಿಗೆ ಅತಿ ದೂರದ ಸಾಲಿನ ಮೇಲೂ ಉಳಿ ಆಡಿಸಿದವರು, ಒಳಗಿನಷ್ಟೇ ಮನಸ್ಸಿಟ್ಟು ಅಂಚನ್ನೂ ಕಟ್ಟಬೇಕು ಎಂದುಕೊಂಡವರೇ ಇರಬೇಕು. ಕೆಲಸ ಮಾಡುವ ಅಂಚು ಚಂದವಾಗಿಯೂ ಇದ್ದರೆ ಅದರ ಕೆಲಸ ಕೆಡುವುದಿಲ್ಲ. ಕೆಡುವುದು ಚಂದ ಹೆಚ್ಚಾಗಿ ಬಳಕೆ ನಿಂತಾಗ. ಅತಿಥಿಗೆಂದು ಬೀರುವಿನಲ್ಲಿಟ್ಟ ಅಂಚುಕಟ್ಟಿದ ಹೊದಿಕೆ ನನ್ನ ವಾದಕ್ಕೆ ವಿರುದ್ಧ ಸಾಕ್ಷಿ. ಹೊದ್ದು, ಒಗೆದು, ಒಂದೆರಡು ಚಿಪ್ಪು ಕಿತ್ತು, ಮತ್ತೆ ಹೆಣೆದದ್ದು ಪರ ಸಾಕ್ಷಿ.

ಹೀಗೆ ನೋಡಿದರೆ ಅಂಚು ಕಟ್ಟುವುದಕ್ಕೆ ಕೆಲವು ಕಟ್ಟುಪಾಡುಗಳು ತಾವಾಗಿ ಏಳುತ್ತವೆ. ದಿನಬಳಕೆಯ ಹೊದಿಕೆಗೇ ಹಾಕಬೇಕು. ಫ್ಲೀಸಿನಷ್ಟೇ ಒಗೆತ ತಡೆಯುವ ನೂಲು ಆಗಬೇಕು. ಅಕ್ರಿಲಿಕ್ ಆಗುತ್ತದೆ, ಬಿಸಿನೀರಿಗೆ ಕುಗ್ಗುವ ಅಪ್ಪಟ ಉಣ್ಣೆ ಆಗದು. ಕಾಜಾ ಹೊಲಿಗೆ ಬದಿಗೆ ತೀರ ಹತ್ತಿರ ಬೀಳಬಾರದು, ಯಾಕೆಂದರೆ ಎಳೆ ಬಿಡದ ಬಟ್ಟೆಯೂ ತೂತಿನ ಕಡೆ ಹರಿಯಬಲ್ಲದು. ವಿನ್ಯಾಸ ಮನೆಯಲ್ಲಿ ಇನ್ನೊಬ್ಬರಾದರೂ ಮತ್ತೆ ಹಾಕಬಲ್ಲಷ್ಟು ಸರಳವಾಗಿರಬೇಕು. ಒಬ್ಬರ ಕೈಗೆ ಮಾತ್ರ ಬರುವ ಅಂಚು ಆ ಕೈ ಸೋತ ದಿನ ಅನಾಥವಾಗುತ್ತದೆ. ಈ ಕೊನೆಯ ಮಾತೇ ಮುಖ್ಯವಾದದ್ದು. ಕಂಬಳಿ ಉಳಿದದ್ದು ನೇಯ್ದವನು ಬದುಕಿದ್ದಷ್ಟು ದಿನ ಮಾತ್ರ ಅಲ್ಲ, ದಬ್ಬಳ ಹಿಡಿಯಲು ಮನೆಯಲ್ಲಿ ಯಾರಿಗಾದರೂ ಬರುತ್ತಿದ್ದಷ್ಟು ದಿನ. ಕೌದಿಯೂ ಹಾಗೆಯೇ. ಕಾರ್ಖಾನೆಯ ಹೊದಿಕೆಗಳು ನಮ್ಮಿಂದ ಕಿತ್ತುಕೊಂಡದ್ದು ಬೆಚ್ಚಗಿನ ಗುಣವನ್ನಲ್ಲ, ಅದನ್ನು ಅವು ಧಾರಾಳವಾಗಿಯೇ ಕೊಟ್ಟಿವೆ. ಕಿತ್ತುಕೊಂಡದ್ದು ದುರಸ್ತಿಯ ಅಭ್ಯಾಸವನ್ನು. ಬಟ್ಟೆಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಅದರ ಅಂಚು ನಮ್ಮ ಕೈಯಲ್ಲಿದೆ, ಮತ್ತು ಆ ಅಭ್ಯಾಸವನ್ನು ಮತ್ತೆ ಶುರುಮಾಡಲು ಹದಿನೆಂಟು ಅಡಿ ಅಂಚು ಸಾಕು.